ಡ್ರೈವರ್ ಇಲ್ಲದೆ ತೆರೆದ ಕಾರ್ಡು

ಇಂಥ ಅನುಭವಗಳನ್ನು ಯಾರಾದರೂ ಹೇಳಿದರೆ ನಾನು ನಕ್ಕು ಸುಮ್ಮನಾಗುವವನು. ಹೊನ್ನಾವರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ, ಕಾರಣವಿಲ್ಲದೆ ಏನೂ ಕೆಡುವುದಿಲ್ಲ, ಏನೂ ಸರಿಹೋಗುವುದಿಲ್ಲ ಎಂಬುದೇ ಹೊಟ್ಟೆಪಾಡಿನ ನಂಬಿಕೆ. ಕಾರಣ ಸಿಗಲಿಲ್ಲವೆಂದರೆ ಹುಡುಕಿದ್ದು ಸಾಲದು, ಅಷ್ಟೇ. ಗಿರಾಕಿಗಳಿಗೆ ಈಗಲೂ ಹಾಗೇ ಹೇಳುತ್ತೇನೆ. ಒಂದು ಮಧ್ಯಾಹ್ನದ ವಿಷಯದಲ್ಲಿ ಮಾತ್ರ ಆ ಮಾತು ಬಾಯಿಂದ ಹೊರಡುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಮಳೆಗಾಲದ ಮೀನುಗಾರಿಕೆ ನಿಷೇಧದ ಕೊನೆಯ ದಿನ, ಪಕ್ಕದ ಮಂಕಿ ಊರಿನ ಮಾದೇವಕ್ಕ ಮೈದುನ ಗಣಪತಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ಅವರ ಗಂಡ ನಾಗಪ್ಪ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವ ಹಿರಿಯ. ಆ ಜೂನ್‌ನಲ್ಲಿ ಜ್ವರ ಬಂದು ತೀರಿಕೊಂಡಿದ್ದರು. ಮಾದೇವಕ್ಕ ಸೆರಗಿನ ಗಂಟು ಬಿಚ್ಚಿ ಒಂದು ಮೆಮೊರಿ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

ಕಡಲ ತಳದಲ್ಲಿ ಬಂಡೆ ಇರುವ ಕಡೆ ಬಲೆ ಸಿಕ್ಕಿಕೊಂಡರೆ ಹರಿದು ಹೋಗುತ್ತದೆ. ಅಂಥ ಜಾಗಗಳ ಗುರುತನ್ನು ತಾಂಡೇಲರು ಸುಲಭಕ್ಕೆ ಯಾರಿಗೂ ಬಿಟ್ಟುಕೊಡುವುದಿಲ್ಲ, ಒಡಹುಟ್ಟಿದವರಿಗೂ. ನಾಗಪ್ಪ ಇನ್ನೂ ಒಂದು ಹೆಜ್ಜೆ ಮುಂದೆ. ಜಿಪಿಎಸ್ ಪೆಟ್ಟಿಗೆಯಲ್ಲೇ ಉಳಿಸಿದರೆ ಕಂಡವರೆಲ್ಲ ನೋಡುತ್ತಾರೆಂದು, ಬಂಡೆ ಸಿಕ್ಕಲ್ಲೆಲ್ಲ ಜಾಗದ ಅಂಕಿ ತೋರಿಸುವ ಆ ಪೆಟ್ಟಿಗೆಯ ಪರದೆಯ ಫೋಟೊ ತೆಗೆದು, ಕಾರ್ಡನ್ನು ತಂದು ಮನೆಯ ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದರು. ಕ್ಯಾಮೆರಾ ಭಟ್ಕಳದ ಗೆಳೆಯನೊಬ್ಬ ದುಬೈಯಿಂದ ತಂದುಕೊಟ್ಟದ್ದು. ಉಪ್ಪುಗಾಳಿ ತಿಂದು ಸತ್ತುಹೋಗಿತ್ತು. ಮರುದಿನ ಬೆಳಿಗ್ಗೆ ಗಣಪತಿ ಮೊದಲ ಸಲ ತಾಂಡೇಲನಾಗಿ ಹೊರಡಬೇಕಿತ್ತು. ಬಲೆ ಹರಿದರೆ ಎರಡು ಮನೆಯ ಅನ್ನ ಹೋದಂತೆ.

ಕಾರ್ಡು ಹಳೆಯ ಕಾಲದ್ದು, ಈಗಿನ ರೀಡರ್‌ಗಳಲ್ಲಿ ಕೂರುವುದಿಲ್ಲ. ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಅದಕ್ಕೊಂದು ಸ್ಲಾಟ್ ಇದೆ. ಆದರೆ ಅದನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್. ಆ ಸ್ಲಾಟನ್ನು ಕೆಲಸಕ್ಕೆ ಹಚ್ಚುವ ಪುಟ್ಟ ಪ್ರೋಗ್ರಾಂ, ಅಂದರೆ ಡ್ರೈವರ್, ಲಿನಕ್ಸ್ ಜೊತೆಗೆ ಬರುವುದಿಲ್ಲ. ಹೊರಗಿನವರು ಯಾರೋ ಬರೆದಿಟ್ಟದ್ದನ್ನು ತಂದು ನಾವೇ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸಿ, ಕೂರಿಸಬೇಕು. ಲಿನಕ್ಸಿನ ತಿರುಳಾದ ಕರ್ನಲ್ ಬದಲಾದಾಗಲೆಲ್ಲ ಮತ್ತೆ ಅದೇ ರಾಗ. ಆ ಬೆಳಿಗ್ಗೆಯಷ್ಟೇ ನಾನು ಹೊಸ ಕರ್ನಲ್ ಹಾಕಿ, ಜಾಗ ಉಳಿಯಲೆಂದು ಹಳೆಯದನ್ನು ಅದರ ಡ್ರೈವರ್ ಸಮೇತ ಅಳಿಸಿದ್ದೆ. ಮಾಡಿದ್ದುಣ್ಣೋ ಮಹಾರಾಯ.

ಕಂಪೈಲ್ ಮಾಡಲು ಬೇಕಾದ ಕೆಲವು ಫೈಲುಗಳನ್ನು ಇಂಟರ್ನೆಟ್ಟಿನಿಂದ ಇಳಿಸಬೇಕಿತ್ತು. ಹತ್ತು ಗಂಟೆಗೆ ಹೆದ್ದಾರಿ ಅಗೆಯುವವರು ಕೇಬಲ್ ಕಡಿದಿದ್ದರು. ಮೊಬೈಲಿನ ನೆಟ್ಟೂ ಇರಲಿಲ್ಲ. ಇದ್ದದ್ದರಲ್ಲೇ ಮೂರು ಸಲ ಪ್ರಯತ್ನಿಸಿದೆ. ಮೂರು ಸಲವೂ ಅದೇ ಸಾಲಿನಲ್ಲಿ ಅದೇ ಎರರ್.

"ಇವತ್ತು ಆಗೂದಿಲ್ಲ ಮಾದೇವಕ್ಕ. ನೆಟ್ ಬಂದ್ಮೇಲೆ ನೋಡ್ವ," ಎಂದೆ.

"ನಾಳೆ ಬೆಳಗಾದ್ರೆ ಬೋಟ್ ಹೋಗ್ತದೆ ಹೆಗಡೇರೆ. ಒಂದ್ಸಲ ಹಾಕಿ ನೋಡಿ."

"ಡ್ರೈವರ್ ಇಲ್ದೆ ಹಾಕಿ ಎಂತ ಮಾಡೂದು?"

ಮಾದೇವಕ್ಕ ಕಾರ್ಡನ್ನು ಎತ್ತಿ ತಾವೇ ಸ್ಲಾಟಿಗೆ ಹಾಕಿದರು. ದೀಪ ಮಿನುಗಿತು, ಪರದೆಯ ಮೇಲೆ ಫೋಲ್ಡರ್ ತೆರೆದುಕೊಂಡಿತು. ಒಳಗೆ ಇಪ್ಪತ್ತಾರು ಫೋಟೊಗಳಿದ್ದವು.

ಮೊದಲು ಎಲ್ಲವನ್ನೂ ಕಾಪಿ ಮಾಡಿಕೊಳ್ಳಲು ಹೊರಟೆ. ಗಣಪತಿ ನನ್ನ ಕೈ ಹಿಡಿದ. "ನಿಮ್ ಮಶಿನ್ನಲ್ಲಿ ಉಳ್ಸೂದು ಬೇಡ. ಅಣ್ಣ ಇದ್ದಿದ್ರೆ ಒಪ್ತಿರ್ಲಿಲ್ಲ." ಅವನ ಮಾತೂ ಸರಿಯೇ. ಒಂದೊಂದೇ ಫೋಟೊ ತೆರೆದು ನಾನು ಅಂಕಿ ಓದಿದೆ, ಅವನು ಬರೆದುಕೊಂಡ. ಮಾದೇವಕ್ಕ ನನ್ನ ಬೆನ್ನ ಹಿಂದೆ ನಿಂತು ಪ್ರತಿ ಸಲವೂ "ತಡೀರಿ, ಸ್ವಲ್ಪ ತಡೀರಿ" ಎನ್ನುತ್ತಿದ್ದರು. ಮೈದುನನಿಗೆ ಬರೆಯಲು ಸಮಯ ಸಿಗಲೆಂದು ಹೇಳುತ್ತಿದ್ದಾರೆ ಅಂದುಕೊಂಡೆ. ಮುಗಿದ ಮೇಲೆ ಕಾರ್ಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು ಹೋದರು.

ಅವರು ಹೋದ ಕೂಡಲೇ ಲೋಡ್ ಆಗಿರುವ ಡ್ರೈವರ್‌ಗಳ ಪಟ್ಟಿ ತೆಗೆದೆ. ಸ್ಲಾಟಿನದು ಅದರಲ್ಲಿ ಇರಲಿಲ್ಲ. ಡಿಸ್ಕನ್ನು ಪೂರ್ತಿ ಜಾಲಾಡಿದೆ, ಅಲ್ಲೂ ಇರಲಿಲ್ಲ. ಮನೆಯಲ್ಲಿ ಹೇಳಿದಾಗ ಹೆಂಡತಿ, "ನೀವೇ ಮೊದ್ಲೇ ಹಾಕಿಟ್ಟಿಕ್ಕು, ಮರ್ತಿಕ್ಕು," ಎಂದು ನನ್ನ ಮರೆವಿನ ಮೇಲೆ ಹಾಕಿದಳು. ಆ ಕರ್ನಲ್ ನನ್ನ ಲ್ಯಾಪ್‌ಟಾಪಿಗೆ ಬಂದದ್ದೇ ಆ ಬೆಳಿಗ್ಗೆ. ಅದಕ್ಕೆ ಮೊದಲೇ ಹೇಗೆ ಹಾಕಿಡಲಿ? ಓದುವ ನಿಮಗೂ ಏನಾದರೊಂದು ಕಾರಣ ಹೊಳೆಯಬಹುದು. ನನಗೆ ಹೊಳೆದ ಒಂದೊಂದನ್ನೂ ನಾನೇ ಪರೀಕ್ಷೆ ಮಾಡಿ ಬಿಟ್ಟಿದ್ದೇನೆ.

ಸಂಜೆ ನೆಟ್ ಬಂತು. ಡ್ರೈವರನ್ನು ಕ್ರಮವಾಗಿ ಕೂರಿಸಿದೆ.

ತಿಂಗಳು ಕಳೆದು ಮಾದೇವಕ್ಕ ಒಬ್ಬರೇ ಬಂದರು. ನಾವು ಮೀನು ತಿನ್ನದವರೆಂದು ನಾಲ್ಕು ತೆಂಗಿನಕಾಯಿ ತಂದಿದ್ದರು. ಬಲೆ ಒಂದು ಸಲವೂ ಹರಿದಿರಲಿಲ್ಲ. ಫೋಟೊಗಳನ್ನು ಇನ್ನೊಮ್ಮೆ ತೋರಿಸಿ ಎಂದರು.

"ಅಂಕಿ ಬರ್ಕೊಂಡಾಗಿದ್ಯಲ್ಲ," ಎಂದೆ.

"ಅಂಕಿ ಯಾರಿಗ್ ಬೇಕು ಹೆಗಡೇರೆ. ಆ ಪೆಟ್ಟಿಗೆ ಗಾಜಲ್ಲಿ ಅವ್ರ ಮುಖ ಕಾಣ್ತಿತ್ತು. ಕಡಲಲ್ಲಿ ಅವ್ರು ಹೆಂಗಿರ್ತಿದ್ರು ಅಂತ ನಾನು ಕಂಡವಳೇ ಅಲ್ಲ. ಅವತ್ತೇ ಕಂಡದ್ದು."

ಇಪ್ಪತ್ತಾರು ಫೋಟೊಗಳನ್ನು ಕಣ್ಣಿಟ್ಟು ಓದಿದವನು ನಾನು. ಒಂದರಲ್ಲೂ ಮುಖ ನೋಡಿರಲಿಲ್ಲ. ಕಾರ್ಡು ಹಾಕಿದೆ. ಈಗ ಡ್ರೈವರ್ ಇತ್ತು, ಪಟ್ಟಿಯಲ್ಲೂ ಇತ್ತು, ಅಂಗಡಿಯಲ್ಲಿದ್ದ ಬೇರೊಂದು ಹಳೆಯ ಕಾರ್ಡನ್ನು ಸಲೀಸಾಗಿ ಓದಿತು. ಇದನ್ನು ಮಾತ್ರ ಗುರುತಿಸಲೇ ಇಲ್ಲ. ಕಾರ್ಡು ಸಾಯುವುದು ಹೊಸತೇನಲ್ಲ, ಅದಕ್ಕೆ ಕಾರಣ ಹೇಳಬಲ್ಲೆ. ಅಂದು ಹೇಗೆ ತೆರೆಯಿತು ಎಂಬುದಕ್ಕೆ ಹೇಳಲಾರೆ. ಆ ದಿನ ಕಾಪಿ ಮಾಡಿಕೊಂಡಿದ್ದರೆ ಆ ಮುಖವಾದರೂ ಉಳಿಯುತ್ತಿತ್ತು.

"ನಿಮ್ಮತ್ರೇ ಇರ್ಲಿ," ಎಂದು ಕಾರ್ಡನ್ನು ಬಿಟ್ಟುಹೋದರು.

ಹೊಸ ಕರ್ನಲ್ ಬಂದಾಗಲೆಲ್ಲ ಡ್ರೈವರನ್ನು ಮತ್ತೆ ಕೂರಿಸುತ್ತೇನೆ, ಆ ಕಾರ್ಡನ್ನು ಹಾಕಿ ನೋಡುತ್ತೇನೆ. ಹೋದ ವಾರವೂ ಹೊಸದೊಂದು ಬಂತು. ಈ ಸಲ ಡ್ರೈವರ್ ಕೂರಿಸುವ ಮೊದಲೇ ಅಂಗಡಿಯ ಬಾಗಿಲು ಮುಂದೆ ಮಾಡಿ, ಬರಿಯ ಸ್ಲಾಟಿಗೆ ಕಾರ್ಡು ಹಾಕಿ ಹತ್ತು ನಿಮಿಷ ಕೂತಿದ್ದೆ. ದೀಪ ಹತ್ತಲಿಲ್ಲ. ಮಾದೇವಕ್ಕ ಫೋನ್ ಮಾಡಿದರೆ "ನೋಡ್ತಾ ಇದ್ದೇನೆ" ಎನ್ನುತ್ತೇನೆ. ಅದು ಸುಳ್ಳಲ್ಲ.