ಮಾದೇವಣ್ಣನ ಕಿವಿ

ಊರಲ್ಲಿ ಎಲ್ಲಾದರೂ ಮೈಕ್ ಟೆಸ್ಟಿಂಗ್ ಕೇಳಿಸಿದರೆ ಮಾದೇವಣ್ಣ ಒಲೆ ಆರಿಸಿಬಿಡುತ್ತಿದ್ದ. ಗಿರಾಕಿ ಹಸಿದು ನಿಂತಿದ್ದರೂ ಸರಿ, "ಆಡು ಸುರುವಾಯ್ತದೆ, ನಾಳೀಕ್ ಬನ್ನಿ ಸಾ" ಎಂದು ಗಾಡಿಗೆ ಟಾರ್ಪಾಲು ಹೊದಿಸಿ, ಮೊದಲ ಸಾಲಿನ ಕುರ್ಚಿ ಹಿಡಿಯಲು ಹೊರಟೇಬಿಡುತ್ತಿದ್ದ. ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಅವನ ಸ್ಯಾಂಡ್‌ವಿಚ್ ಗಾಡಿ. ಎರಡು ಬ್ರೆಡ್ಡಿನ ನಡುವೆ ಆಲೂಗಡ್ಡೆ ಪಲ್ಯ, ಹಸಿ ಈರುಳ್ಳಿ, ಕೊತ್ತಂಬರಿ ಚಟ್ನಿ ಇಟ್ಟು, ಕಾವಲಿಯ ಮೇಲೆ ಒತ್ತಿ ಒತ್ತಿ ಕೆಂಪಗೆ ಮಾಡಿ ಕೊಡುತ್ತಿದ್ದ. ಕಚೇರಿ ಗುಮಾಸ್ತನಾದ ನನಗೆ ಎಷ್ಟೋ ವರ್ಷ ಮಧ್ಯಾಹ್ನದ ಊಟ ಅದೇ.

ಸಂಜೆ ನಾನು ಗಾಯಕ. ಹಾಗೆಂದು ನಾನು ತಿಳಿದಿದ್ದೆ. ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ಮೇಷ್ಟ್ರು ಹಾಗೆ ತಿಳಿದಿರಲಿಲ್ಲ. ಧನಗೆರೆಯಲ್ಲಿ ಹುಟ್ಟಿದ ನನ್ನ ಬಾಯಲ್ಲಿ ಹೂವು ಊವಾಗುತ್ತಿತ್ತು, ಹಾಲು ಆಲಾಗುತ್ತಿತ್ತು. "ಹಕಾರ ಸರಿ ಮಾಡ್ಕೊಳ್ಳಿ. ಇಲ್ದಿದ್ರೆ ಹನೂರಿನ ಪ್ರೋಗ್ರಾಮಿಗೆ ಬೇರೆಯವರನ್ನ ನೋಡ್ತೀನಿ" ಎಂದರು. ಅಂದಿನಿಂದ ಸ್ಯಾಂಡ್‌ವಿಚ್ ತಿನ್ನುತ್ತಲೇ "ಹ, ಹಾ, ಹ, ಹಾ" ಎಂದು ಅಭ್ಯಾಸ ಶುರುಮಾಡಿದೆ. ಮಾದೇವಣ್ಣ ಗಾಬರಿಯಾಗಿ ನೀರಿನ ಲೋಟ ತಂದ.

"ಚಟ್ನಿ ಖಾರ ಆಗೋಯ್ತಾ ಸಾ?"

ಹನೂರಿನಲ್ಲಿ ನಾನೇ ಬರೆದ ಪ್ರೇಮಗೀತೆ ಹಾಡಿದೆ. ಅಭ್ಯಾಸ ಮಿತಿಮೀರಿತ್ತು. "ಅಲ್ಲಿ ನಿಂತೆಯಾ, ನನ್ನ ನೆನೆದೆಯಾ" ಎನ್ನುವ ಕಡೆ ಕಣ್ಣು ಮುಚ್ಚಿ, ಎದೆ ತುಂಬಿ, "ಹಲ್ಲಿ ನಿಂತೆಯಾ" ಎಂದೆ. ಪಲ್ಲವಿಯಾದ್ದರಿಂದ ನಾಲ್ಕು ಸಲ. ಕೇಳುತ್ತಿದ್ದವರು ಮನೆಯಲ್ಲಿ ಊವು ಎನ್ನುವವರೇ. ಮೈಕಿನಲ್ಲಿ ಬಂದ ಹಲ್ಲಿಯನ್ನು ಮಾತ್ರ ಚೆನ್ನಾಗಿ ಗುರುತಿಸಿದರು. ಮೂರನೆಯ ಸಲಕ್ಕೆ ಹಿಂದಿನಿಂದ ಲೊಚ್ ಲೊಚ್ ಶುರುವಾಯಿತು. ಕಣ್ಣು ಬಿಟ್ಟರೆ ಇಡೀ ಮೈದಾನವೇ ಲೊಚಗುಟ್ಟುತ್ತಿತ್ತು. ಗಾಡಿ ಮುಚ್ಚಿ ಅಲ್ಲಿಗೂ ಬಂದಿದ್ದ ಮಾದೇವಣ್ಣ ಒಬ್ಬನೇ ಮೊದಲ ಸಾಲಿನಲ್ಲಿ ತಲೆದೂಗುತ್ತಿದ್ದ.

ಮರುದಿನ ಗಾಡಿಯ ಮುಂದೆ ನಿಂತು, ಇನ್ನು ಜನ್ಮದಲ್ಲಿ ಹಾಡುವುದಿಲ್ಲ ಎಂದೆ.

"ಯಾಕ್ ಸಾ, ಅಂತಾದ್ದೇನಾಯ್ತು?"

"ಅಲ್ಲಿ ಅನ್ನೋ ಕಡೆ ಹಲ್ಲಿ ಅಂದ್ಬುಟ್ಟೆನಲ್ಲ ಮಾದೇವಣ್ಣ. ಗೋಡೆ ಮೇಲೆ ಇರುತ್ತಲ್ಲ, ಆ ಹಲ್ಲಿ."

ಅವನು ಬ್ರೆಡ್ ಮಗುಚುವುದನ್ನು ನಿಲ್ಲಿಸಿ ಯೋಚಿಸಿದ. "ಗ್ವಾಡೆ ಮ್ಯಾಲಿರದೂ ಅಲ್ಲೀನೆ, ನೀವು ಆಡಿದ್ದೂ ಅಲ್ಲೀನೆ. ಎಲ್ಡೂ ಒಂದೇ ಅಲ್ವಾ ಸಾ? ಅದ್ಕ್ಯಾಕ್ ನಗದು ಜನ?"

ಅವನು ನನ್ನನ್ನು ಸಮಾಧಾನ ಮಾಡುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ನಗು ತಡೆಯಲಾಗಲಿಲ್ಲ. ಆ ಒಂದು ಮಾತಿನ ಧೈರ್ಯದ ಮೇಲೆ ಮುಂದಿನ ತಿಂಗಳು ಯಳಂದೂರಿನಲ್ಲಿ ಮತ್ತೆ ಮೈಕ್ ಹಿಡಿದೆ.

ಹೋದ ವರ್ಷ ಮಾದೇವಣ್ಣ ಎದೆನೋವು ಬಂದು ತೀರಿಕೊಂಡ. ಈಗ ನನ್ನ ಅಕಾರ, ಹಕಾರಗಳು ಅವುಗಳ ಜಾಗದಲ್ಲಿವೆ; ಮೇಷ್ಟ್ರೂ ಒಪ್ಪಿದ್ದಾರೆ. ಜನ ಚಪ್ಪಾಳೆಯನ್ನೂ ತಟ್ಟುತ್ತಾರೆ. ಆದರೂ ಮೈಕಿನ ಮುಂದೆ ನಿಂತರೆ ಮೊದಲ ಸಾಲಿನಲ್ಲಿ ಮಾದೇವಣ್ಣನನ್ನು ಹುಡುಕುತ್ತೇನೆ. ಈ ಮೂರು ತಾಲ್ಲೂಕಿನಲ್ಲಿ ನನ್ನ ತಪ್ಪು ಕೇಳಿಸದಿದ್ದ ಕಿವಿ ಅದೊಂದೇ ಇದ್ದದ್ದು.