ಮೂರು ಬಣ್ಣ, ಒಂದು ಪರದೆ

ಸಾಹೇಬರ ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಮೂರು ಚೂರು ಜಿಲೆಟಿನ್ ಕಾಗದ ಇರುತ್ತಿದ್ದವು: ಕೆಂಪು, ಹಸಿರು, ನೀಲಿ. ಮಾತಿನ ನಡುವೆಯೇ ಒಂದನ್ನು ತೆಗೆದು ಕನ್ನಡಕಕ್ಕೆ ಒತ್ತಿ ಹಿಡಿದು ಎದುರಿಗಿದ್ದವರನ್ನು ನೋಡುತ್ತಿದ್ದರು. ನೋಡಿ ನೋಡಿ ಎಡಗಣ್ಣು ಅರ್ಧ ಮುಚ್ಚಿಕೊಂಡೇ ಉಳಿದುಬಿಟ್ಟಿತ್ತು. ಕೆಲಸ ಕೇಳಲು ಹೋದ ದಿನ ನನ್ನನ್ನೂ ಹಾಗೇ ನೋಡಿದರು. ಹೆಣ್ಣು ನೋಡೋಕೆ ಬಂದವರ ಹಾಗೆ ಇದೇನಪ್ಪ ಎಂದು ನನಗೆ ಸಿಟ್ಟೇ ಬಂದಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಚಿಂತಾಮಣಿಯಲ್ಲಿ ಅವರದ್ದು ಮದುವೆ ವಿಡಿಯೋ ಸ್ಟುಡಿಯೋ. ಮೊದಲು ಬಣ್ಣದ ಲೇಬಲ್ ಅಚ್ಚು ಹಾಕುತ್ತಿದ್ದವರು, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಪುಸ್ತಕ ಓದಿ, ತಾವೇ ಪ್ರೋಗ್ರಾಂ ಬರೆಯುವುದನ್ನು ಕಲಿತಿದ್ದರು. ಒಂದು ಚಿತ್ರದಲ್ಲಿದ್ದವರನ್ನು ಬಿಡಿಸಿ ಇನ್ನೊಂದರಲ್ಲಿ ನಿಲ್ಲಿಸುವುದು ಅವರ ಹುಚ್ಚು. ನಾನು ಟೈಟಲ್ ಹಾಕುವವಳು. ವಧೂವರರ ಹೆಸರು, ಸುತ್ತ ಗುಲಾಬಿ, ಅಷ್ಟೇ.

"ಚಿತ್ರ ಅಂದ್ರೆ ಒಂದಲ್ಲ ಕಣಮ್ಮ, ನಾಲ್ಕು," ಎನ್ನುತ್ತಿದ್ದರು. "ಮೂರು ಬಣ್ಣಕ್ಕೆ ಮೂರು ಪದರ. ನಾಲ್ಕನೇದು ಪರದೆ. ಅದು ಯಾರಿಗೂ ಕಾಣಲ್ಲ. ಆದ್ರೆ ಯಾರು ಕಾಣ್ಬೇಕು, ಯಾರು ಕಾಣ್ಬಾರದು ಅಂತ ಹೇಳೋದು ಅದೇ." ನಾನು ಹೂಂ ಎಂದು ತಲೆಯಾಡಿಸಿ ಗುಲಾಬಿ ಜೋಡಿಸುತ್ತಿದ್ದೆ. ಕೇಳಿಸಿಕೊಳ್ಳಬೇಕಿತ್ತು.

ನನ್ನ ಮದುವೆಗೆ ಏಳು ತಿಂಗಳ ಮುಂಚೆ ಅಣ್ಣ ಪೆರೇಸಂದ್ರದ ಹತ್ತಿರ ಲಾರಿಗೆ ಸಿಕ್ಕಿ ಹೋದ. ನಮ್ಮಲ್ಲಿ ಧಾರೆಯಾದ ಮೇಲೆ ಮದುಮಗಳ ಬೊಗಸೆಗೆ ಅರಳು ಹಾಕುವವನು ಅವಳ ಅಣ್ಣತಮ್ಮ. ನನಗಿದ್ದವನು ಅವನೊಬ್ಬನೇ. ಅಮ್ಮನಿಗೆ ಆಗಲೇ ಒಂದು ಕಣ್ಣು ಹೋಗಿತ್ತು, ಇನ್ನೊಂದರ ನೋಟ ವಾರವಾರಕ್ಕೂ ಕಿರಿದಾಗುತ್ತಿತ್ತು. ಇನ್ನು ಕೆಲವೇ ತಿಂಗಳು ಎಂದು ಡಾಕ್ಟರು ಹೇಳಿದ್ದರು. "ಕಣ್ಣು ಹೋಗೋದ್ರೊಳಗೆ ನಿನಗೆ ಅವನು ಅರಳು ಹಾಕೋದು ನೋಡ್ಬೇಕು ಕಣೇ," ಎಂದು ಅಮ್ಮ ಹಟ ಹಿಡಿದಳು. ಸತ್ತವನು ಹೇಗೆ ಹಾಕುತ್ತಾನೆ ಎಂದು ಅವಳನ್ನು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಸಾಹೇಬರನ್ನು ಕೇಳಿದೆ.

ಅಣ್ಣ ಓಡಾಡುವ ಚಿತ್ರ ಇದ್ದದ್ದು ಐದೇ ಸೆಕೆಂಡು. ದಿಬ್ಬೂರಹಳ್ಳಿಯಲ್ಲಿ ನೆಂಟರ ಮದುವೆಯ ಊಟದ ಪಂಕ್ತಿ. ಅಣ್ಣ ಬಗ್ಗಿ ಕೈತುಂಬ ಬೂಂದಿ ಬಡಿಸುತ್ತಾನೆ. ಕ್ಯಾಸೆಟ್‌ಗೆ ಬೂಸ್ಟು ಹಿಡಿದಿತ್ತು. ಅಣ್ಣ ಕಂಪ್ಯೂಟರಿಗೆ ಇಳಿದ ಮರುಗಳಿಗೆ ಟೇಪು ಮೆಷಿನ್ನಿಗೆ ಸಿಕ್ಕಿ ಚಿಂದಿಯಾಯಿತು. ಸಾಹೇಬರು ಆ ಐದು ಸೆಕೆಂಡನ್ನು ನೂರಿಪ್ಪತ್ತೈದು ಚಿತ್ರ ಮಾಡಿ, ಒಂದೊಂದನ್ನೂ ಮೂರು ಬಣ್ಣಕ್ಕೆ ಬಿಡಿಸಿಟ್ಟು, ಜಾಗ ಸಾಲದೆ ಮೂಲವನ್ನು ಅಳಿಸಿ, ಮೌಸ್ ಹಿಡಿದು ಅಣ್ಣನ ಸುತ್ತ ಪರದೆ ಕೊರೆಯಲು ಕೂತರು. ಧಾರೆಯ ದಿನ ಕ್ಯಾಮೆರಾ ಹಿಡಿದವರೂ ಅವರೇ. ಅರಳು ಹಾಕಿದ ಚಿಕ್ಕಪ್ಪನ ಮಗನನ್ನು ಆಮೇಲೆ ಪಕ್ಕಕ್ಕೆ ಸರಿಸಿ, ನನ್ನ ಪಕ್ಕ ಒಬ್ಬ ಆಳು ನಿಲ್ಲುವಷ್ಟು ಜಾಗ ಬಿಡಿಸಿ, ಖಾಲಿ ಬೊಗಸೆಯನ್ನು ಇನ್ನೊಮ್ಮೆ ಚಾಚಿಸಿದರು.

ಮದುವೆಯಾಗಿ ಹತ್ತೇ ದಿನಕ್ಕೆ ನಾನು ಶಿಡ್ಲಘಟ್ಟದ ಗಂಡನ ಮನೆಯಿಂದ ಬಸ್ಸು ಹತ್ತಿ ಕೆಲಸಕ್ಕೆ ಬಂದೆ. ಸಾಹೇಬರು ಊರಲ್ಲಿರಲಿಲ್ಲ. ಧಾರೆಯ ಟೇಪು ಕಂಪ್ಯೂಟರಿಗೆ ಇಳಿಸಬೇಕು, ಜಾಗವಿಲ್ಲ. ಹುಡುಕಿದರೆ ಅಣ್ಣನ ಮೂರು ಕಂತೆ ಕಂಡವು. ಮೂರನ್ನೂ ತೆರೆದು ನೋಡಿದೆ. ಮೂರೂ ಬೂದು ಬಣ್ಣದವು, ಮೂರರಲ್ಲೂ ಅದೇ ಅಣ್ಣ, ಅದೇ ಬೂಂದಿ. ಒಂದೇ ಚಿತ್ರವನ್ನು ಮೂರು ಸಲ ಯಾಕಿಟ್ಟಿದ್ದಾರೋ ಎಂದುಕೊಂಡು ಎರಡನ್ನು ಅಳಿಸಿ, ಆ ಜಾಗಕ್ಕೆ ನನ್ನ ಮದುವೆಯನ್ನು ತುಂಬಿದೆ.

ಬಣ್ಣ ಬಿಡಿಬಿಡಿಯಾಗಿದ್ದಾಗ ಬಣ್ಣವಾಗಿ ಕಾಣುವುದಿಲ್ಲ, ಬರೀ ಬೆಳಕು ನೆರಳಾಗಿ ಕಾಣುತ್ತದೆ. ಇದನ್ನು ಮಾರನೆಯ ದಿನ ಸಾಹೇಬರು ಹೇಳಿದರು. ಅವರು ಹೇಳಿ ಮುಗಿಸುವುದರೊಳಗೆ ಅಣ್ಣನನ್ನು ಎರಡನೇ ಸಲ ನಾನೇ ಕೊಂದೆ ಎಂದು ಬಾಯಿ ಬಡಿದುಕೊಂಡೆ. ಅಳಿಸಿದ್ದನ್ನು ವಾಪಸು ತರಲು ಅವರು ಎರಡು ದಿನ ಒದ್ದಾಡಿದರು. ಡಿಸ್ಕಿನಲ್ಲಿ ಅಣ್ಣನಿದ್ದ ಕಡೆ ನಾನೇ ರೇಷ್ಮೆ ಸೀರೆ ಉಟ್ಟು ನಗುತ್ತಿದ್ದೆ. ಆ ನಗುವನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಸಾಹೇಬರು ಉಳಿದಿದ್ದ ಕೆಂಪು ಪದರ ತೆರೆದು ನನ್ನನ್ನು ಕರೆದರು. "ಬಾ ಬೇಟಾ, ಬೂಂದಿ ನೋಡು." ಕೆಂಪಿನ ಪದರದಲ್ಲಿ ಹಳದಿ ಬೆಳ್ಳಗಾಗುತ್ತದಂತೆ. ಅಣ್ಣನ ಕೈಯಿಂದ ಬೆಳ್ಳಗೆ ಉದುರುತ್ತಿತ್ತು. "ಇದಕ್ಕೆ ಬಣ್ಣ ತೆಗೆಯೋದು ಹೆಂಗಪ್ಪ ಅಂತ ನನಗೇ ಚಿಂತೆಯಿತ್ತು. ನೀನೇ ಅರಳು ಮಾಡಿಬಿಟ್ಟೆ."

ಅಣ್ಣನ ಅಂಗಿ ಹೇಗೂ ಬಿಳಿ. ಉಳಿದದ್ದು ಮುಖ, ಕೈ. ಧಾರೆಯ ಚಿತ್ರದಲ್ಲಿ ನನ್ನ ಕೆನ್ನೆಯ ಮೂರು ಬಣ್ಣದ ಪ್ರಮಾಣ ತೆಗೆದು, ಅದೇ ಪ್ರಮಾಣದಲ್ಲಿ ಆ ಒಂದು ಪದರದಿಂದ ಮೂರು ಮಾಡುವ ಪ್ರೋಗ್ರಾಂ ಬರೆಯುತ್ತೇನೆ ಎಂದರು. ಅದಕ್ಕೆ ಮುಖ ಕೈಗಳಿಗೆ ಬೇರೆಯೇ ಪರದೆ ಬೇಕು, ಇನ್ನೊಮ್ಮೆ ನೂರಿಪ್ಪತ್ತೈದು. "ಪಂಕ್ತಿಯ ಲೈಟಲ್ಲಿ ಬಣ್ಣ ಸರಿಯಾಗಿ ಗೊತ್ತಾಗಿರಲಿಲ್ಲ. ನಿಮ್ಮಣ್ಣ ನಿನ್ನ ಬಣ್ಣನೇ ತಾನೆ?" ಎಂದು ಕೇಳಿದರು.

ಹೂಂ ಎಂದೆ. ಅಣ್ಣ ಕಪ್ಪಗಿದ್ದ. ಇಲ್ಲ ಎಂದರೆ ಕೈಚೆಲ್ಲಿ ಬಿಡುತ್ತಾರೇನೋ ಎಂಬ ಭಯಕ್ಕೆ ಸುಳ್ಳು ಹೇಳಿದೆ.

ಕರೆಂಟು ಬಂದಾಗಲೆಲ್ಲ ಅವರು ಕೊರೆದರು. ಅತ್ತ ಅಮ್ಮ ತಟ್ಟೆಯಲ್ಲಿ ಅನ್ನವನ್ನು ತಡಕತೊಡಗಿದ್ದಳು. ಮುಗಿದ ದಿನ ಸಾಹೇಬರೇ ಕ್ಯಾಸೆಟ್ ಹಿಡಿದು ಮೇಲೂರಿನ ನಮ್ಮ ತೌರಿಗೆ ಬಂದರು. ಅಮ್ಮ ಟಿವಿಗೆ ಗೇಣು ದೂರದಲ್ಲಿ ಕೂತಳು. ಅಣ್ಣ ಬಂದ, ಬಗ್ಗಿದ, ನನ್ನ ಬೊಗಸೆಗೆ ಅರಳು ಸುರಿದ.

"ನಾಯನಾ..." ಎಂದಳು ಅಮ್ಮ, ಅಣ್ಣನನ್ನು ಮುದ್ದಿನಿಂದ ಕರೆಯುತ್ತಿದ್ದ ಹಾಗೇ. ಆಮೇಲೆ, "ಕಪ್ಪಗಿದ್ನಲ್ಲೇ ಅವ್ನು."

ಸಾಹೇಬರು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. "ತಪ್ಪಾಯ್ತಮ್ಮ, ಎರಡು ದಿನ ಕೊಡಿ, ಸರಿ ಮಾಡ್ಕೊಂಡು ಬರ್ತೀನಿ," ಎಂದು ನನ್ನ ಸುಳ್ಳನ್ನು ತಮ್ಮ ತಲೆಗೆ ಹಾಕಿಕೊಂಡರು.

"ಬೇಡಪ್ಪಾ," ಎಂದಳು ಅಮ್ಮ. "ತಂಗಿ ಬಣ್ಣ ಹಾಕ್ಕೊಂಡು ಬಂದವ್ನೆ. ಹಂಗೇ ಇರ್ಲಿ. ಇನ್ನೊಂದ್ಸಲ ಹಾಕು."

ಅವತ್ತು ಹನ್ನೊಂದು ಸಲ ಹಾಕಿದೆವು. ಮಳೆಗಾಲ ಬರುವ ಹೊತ್ತಿಗೆ ಅಮ್ಮನಿಗೆ ಏನೂ ಕಾಣದಾಯಿತು.

ಕೆಲವು ವರ್ಷಗಳ ಮೇಲೆ ಸಾಹೇಬರು ಹೃದಯ ನಿಂತು ಹೋದರು. ನನಗೆ ತಿಳಿಯುವ ಹೊತ್ತಿಗೆ ಮಣ್ಣಾಗಿತ್ತು. ಆ ಸುಳ್ಳಿನ ಬಗ್ಗೆ ಅವರು ಒಂದು ದಿನವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಮ್ಮ ಈಗಿಲ್ಲ. ಕ್ಯಾಸೆಟ್‌ಗೂ ಬೂಸ್ಟು ಹಿಡಿಯಿತು. ಅಣ್ಣ ಎಷ್ಟು ಕಪ್ಪಗಿದ್ದ ಎಂದು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿ ಕೂರುತ್ತೇನೆ. ಅವನು ಸಾಹೇಬರು ಕೊಟ್ಟ ಬಣ್ಣದಲ್ಲೇ ಬರುತ್ತಾನೆ.