ಚಕ್ರವಿಲ್ಲದ ವಿಮಾನಕ್ಕೊಂದು ನಿಂಬೆಹಣ್ಣು

ನಿನ್ನೆ ಬೆಳಿಗ್ಗೆ ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಿ, ಬಟ್ಟಲೊಳಗೆ ಬೆರಳಾಡಿಸಿ ಬೀಜ ತಡವುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಸೀಟಿ ಊದಿದಂಥ ಸದ್ದು ಶುರುವಾಯಿತು. ಮೊದಲು ಸಣ್ಣಗೆ, ಆಮೇಲೆ ಏರುತ್ತ ಏರುತ್ತ, ಕೊನೆಗೆ ಷೋಕೇಸಿನ ಗಾಜು ನಡುಗುವಷ್ಟು. ಗಾಬರಿಯಾಗಬೇಡಿ, ಕುಕ್ಕರ್ ಅಲ್ಲ. ನಮ್ಮ ಯಜಮಾನರು ವಿಮಾನ ಸ್ಟಾರ್ಟ್ ಮಾಡುತ್ತಿದ್ದರು. ರಿಟೈರ್ ಆದ ಮೇಲೆ ಕೆಲವರು ಪಾರ್ಕು ಸುತ್ತುತ್ತಾರೆ, ಕೆಲವರು ಅಪಾರ್ಟ್‌ಮೆಂಟ್ ಸಂಘದಲ್ಲಿ ಜಗಳ ಆಡುತ್ತಾರೆ. ಇವರು ಕಂಪ್ಯೂಟರಿಗೆ ಹಿಡಿಕೆಗಳನ್ನು ಜೋಡಿಸಿಕೊಂಡು ಕೂತು ನಾಲ್ಕು ಎಂಜಿನ್ನಿನ ಹಳೆಯ ಜೆಟ್ ವಿಮಾನ ಹಾರಿಸುತ್ತಾರೆ. ಹೊಸ ಹೊಸ ವಿಮಾನಗಳೂ ಅದರಲ್ಲಿವೆಯಂತೆ, ಮುಟ್ಟಿಯೂ ನೋಡುವುದಿಲ್ಲ. ಜಗತ್ತಿಗೆ ಜೆಟ್ ಹೊಸತಾಗಿದ್ದ ಕಾಲದ ಆ ಒಂದೇ ವಿಮಾನ ಸಾಕು.

ನಿಂಬೆಯ ವಾಸನೆ, ಆ ಸೀಟಿ, ಎರಡೂ ಕೂಡಿ ಬಂದರೆ ನನಗೆ ನಮ್ಮತ್ತೆ ನೆನಪಾಗುತ್ತಾರೆ. ಅವರ ಕಣ್ಣು ಹೋಗದೆ ಉಳಿದದ್ದು ಅಂಥದೊಂದು ವಿಮಾನದಿಂದ, ಮತ್ತು ಒಂದು ನಿಂಬೆಹಣ್ಣಿನಿಂದ. ಹೀಗೆಂದರೆ ನಮ್ಮ ಬ್ಲಾಕಿನ ಗೆಳತಿಯರು ನಗುತ್ತಾರೆ. ನೀವಾದರೂ ಕೂತು ಪೂರ್ತಿ ಕೇಳಿ.

ಎಂಬತ್ತರ ದಶಕದ ಮಾತು. ನಾನು ಮದುವೆಯಾಗಿ ಬಂದಾಗ ಇವರಿಗೆ ವೈಟ್‌ಫೀಲ್ಡಿಗೆ ಹೋಗುವ ರಸ್ತೆಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸು ಸಿಕ್ಕಿತ್ತು. ಎರಡು ಕೋಣೆ, ಮುಂದೆ ಒಂದು ಸೀಬೆಗಿಡ, ಹಿಂದೆ ಬಟ್ಟೆ ಒಗೆಯುವ ಕಲ್ಲು. ರಸ್ತೆಯಾಚೆ ರಾಗಿ ಹೊಲ. ಸೈರನ್ ಕೂಗಿದರೆ ಇಡೀ ಕಾಲೋನಿ ಒಟ್ಟಿಗೇ ಒಲೆಯಿಂದ ಸಾರು ಇಳಿಸುತ್ತಿತ್ತು. ಅತ್ತೆಯ ಊರು ಬೆಳ್ಳಂದೂರು ಕೆರೆಯ ಆಚೆ ದಂಡೆ. ಮಾವ ತೀರಿಕೊಂಡ ಮೇಲೆ ಹೊಲವನ್ನು ದೊಡ್ಡ ಮಗನಿಗೆ ಒಪ್ಪಿಸಿ, ಚಿಕ್ಕ ಮಗನ ಜೊತೆ ಇರಲು ಬಂದಿದ್ದರು.

ಇವರ ಕೆಲಸವೇನೆಂದು ಅರ್ಥ ಮಾಡಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು. ಕಾರ್ಖಾನೆಯ ಕಾಂಪೌಂಡಿನ ಮೂಲೆಯಲ್ಲಿ ಪೈಲಟ್‌ಗಳಿಗೆ ಪಾಠ ಹೇಳುವ ಒಂದು ಶೆಡ್ಡಿತ್ತು. ಅದರೊಳಗೆ ಸಿಮ್ಯುಲೇಟರ್. ವಿಮಾನದ ಮೂತಿಯನ್ನಷ್ಟೇ ಕತ್ತರಿಸಿ ತಂದು ಕಬ್ಬಿಣದ ಕಾಲುಗಳ ಮೇಲೆ ಕೂರಿಸಿದ ಹಾಗೆ. ರೆಕ್ಕೆ ಇಲ್ಲ, ಬಾಲ ಇಲ್ಲ, ಚಕ್ರವಂತೂ ಇಲ್ಲವೇ ಇಲ್ಲ. ಒಳಗೆ ಕೂತವರಿಗೆ ಮಾತ್ರ ಅದು ಅಲುಗುತ್ತದೆ, ಮೊರೆಯುತ್ತದೆ, ಮುಂದಿನ ಗಾಜಿನಲ್ಲಿ ನೆಲವೂ ಕಾಣುತ್ತದೆ. ಅದು ಕೆಟ್ಟಾಗ ಸರಿಮಾಡುವವರು ಇವರು. ನೆಂಟರು ಕೇಳಿದರೆ ಅತ್ತೆ ಇವರಿಗಿಂತ ಚೆನ್ನಾಗಿ ವಿವರಿಸುತ್ತಿದ್ದರು: “ನನ್ ಮಗ ಸುಳ್ ಇಮಾನಕ್ಕೆ ನಿಜವಾದ ರಿಪೇರಿ ಮಾಡ್ತಾನೆ ಕಣ್ರವ್ವ.”

ಅತ್ತೆಯ ಬಗ್ಗೆ ನನಗೆ ತವರಿನಲ್ಲಿ ಬೇಕಾದಷ್ಟು ಹೆದರಿಸಿ ಕಳಿಸಿದ್ದರು. ನೋಡಿದರೆ, ಬಂದ ಹೊಸತರಲ್ಲೇ ರಂಗೋಲಿ ಡಬ್ಬಿ ನನ್ನ ಕೈಗಿಟ್ಟು, “ಇನ್ಮ್ಯಾಕೆ ಬಾಗ್ಲು ನಿಂದು ಕಣವ್ವ” ಎಂದುಬಿಟ್ಟರು. ನಾನು ಉಬ್ಬಿಹೋದೆ. ಆಮೇಲೆ ಅಕ್ಕಿ ಆರಿಸುವ ಮೊರ ಕೊಟ್ಟರು. ಆಮೇಲೆ ಸೂಜಿ ದಾರ. ತವರಿಗೆ ಹೋದಾಗ, ನಮ್ಮತ್ತೆ ಮನೆಯನ್ನೇ ನನಗೆ ಬಿಟ್ಟುಕೊಟ್ಟಿದ್ದಾರೆ ಎಂದು ಜಂಬ ಕೊಚ್ಚಿದೆ. ಆದರೆ ಮುದ್ದೆ ಕಟ್ಟುವುದು, ಹೂ ಕಟ್ಟುವುದು, ಅವರೆಕಾಯಿ ಕಾಲದಲ್ಲಿ ನೆನೆಸಿದ ಕಾಳು ಹಿಸುಕುವುದು, ಇವುಗಳನ್ನು ಮಾತ್ರ ಮುಟ್ಟಗೊಡುತ್ತಿರಲಿಲ್ಲ. ಕಣ್ಣು ಬೇಕಾದ ಕೆಲಸವೆಲ್ಲ ನನಗೆ, ಬೆರಳು ಸಾಕಾದ ಕೆಲಸವೆಲ್ಲ ತಮಗೆ ಎಂದು ಪಾಲು ಮಾಡಿಕೊಂಡಿದ್ದಾರೆಂದು ಹೊಸ ಸೊಸೆಗೆ ಹೇಗೆ ಹೊಳೆಯಬೇಕು? ಎರಡೂ ಕಣ್ಣಿಗೆ ಪೊರೆ ಕವಿಯುತ್ತಿತ್ತು. ಅವರು ಅದನ್ನು ಮಗನಿಗೂ ಹೇಳಿರಲಿಲ್ಲ.

ಆಯುಧಪೂಜೆ ಬಂತು. ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ಆ ದಿನ ಹೇಗಿರುತ್ತಿತ್ತೆಂದು ನೋಡಿದವರಿಗೇ ಗೊತ್ತು. ವರ್ಷವಿಡೀ ಗೇಟಿನಲ್ಲಿ ಪಾಸು ಕೇಳುವ ವಾಚ್‌ಮನ್ನು ಅವತ್ತು ನಗುತ್ತ “ಬನ್ನಿ ಅಕ್ಕ” ಎನ್ನುತ್ತಿದ್ದ. ಲೇತ್ ಮೆಷಿನ್ನಿಗೆ ಸೇವಂತಿಗೆ ಹಾರ, ಕಂಬಕ್ಕೆ ಬಾಳೆಕಂದು, ಕುಂಕುಮ ತುಂಬಿದ ಬೂದುಗುಂಬಳಕಾಯಿ, ಕೈಗೆ ಕಡಲೆಪುರಿ ಪೊಟ್ಟಣ. ನಾನೂ ಅತ್ತೆಯೂ ರೇಷ್ಮೆ ಸೀರೆ ಉಟ್ಟು ಹೊರಟೆವು. ಅತ್ತೆ ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದರು. ಅದನ್ನೂ ನಾನು ಪ್ರೀತಿಯೆಂದೇ ತಿಳಿದೆ. ಪ್ರೀತಿಯೂ ಇತ್ತು ಬಿಡಿ.

ಶೆಡ್ಡಿನಲ್ಲಿ ಸಿಮ್ಯುಲೇಟರಿನ ಹಣೆಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಮಂಗಳಾರತಿ ಮಾಡಿದ್ದಾಯಿತು. ಅತ್ತೆ ಸೆರಗಿನ ಗಂಟಿನಿಂದ ನಿಂಬೆಹಣ್ಣು ತೆಗೆದರು.

“ಚಕ್ರ ಎಲ್ಲೈತ್ಲಾ ಇದ್ರದ್ದು?”

“ಚಕ್ರ ಇಲ್ಲ ಕಣವ್ವ,” ಎಂದರು ಇವರು.

“ಚಕ್ರ ಇಲ್ದೆ ಅದೆಂಗ್ಲಾ ಇಳೀತೈತೆ?”

ಸುತ್ತ ನಿಂತಿದ್ದ ಎಂಜಿನಿಯರುಗಳೆಲ್ಲ ಒಟ್ಟಿಗೇ ವಿವರಿಸಲು ಶುರುಮಾಡಿದರು. ಕೊನೆಗೆ ಇವರು ನಮ್ಮಿಬ್ಬರನ್ನೂ ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡ ಮೇಜಿನ ಮೇಲೆ ಇಡೀ ಒಂದು ಸೀಮೆಯನ್ನೇ ಮಾಡಿ ಇಟ್ಟಿದ್ದರು. ಬೆರಳುದ್ದದ ಬೆಟ್ಟ, ಸಾಸಿವೆಯಷ್ಟು ಮನೆ, ಗಾಜಿನ ಕೆರೆ, ಹಸಿರು ಪುಡಿಯ ಮರಗಳು, ನಡುವೆ ಕಪ್ಪು ಪಟ್ಟಿಯಂಥ ರನ್‌ವೇ. ಮೇಲಿನಿಂದ ಒಂದು ಕ್ಯಾಮೆರಾ ಇಳಿಬಿದ್ದಿತ್ತು. ಪೈಲಟ್ ಅಲ್ಲಿ ವಿಮಾನ ಹಾರಿಸಿದರೆ ಈ ಕ್ಯಾಮೆರಾ ಇಲ್ಲಿ ಮೇಜಿನ ಮೇಲೆ ತೇಲುತ್ತ ಹೋಗುತ್ತದೆ. ಅದು ಕಂಡದ್ದೇ ಪೈಲಟ್‌ಗೆ ಮುಂದಿನ ಗಾಜಿನಲ್ಲಿ ಕಾಣುವ ಭೂಮಿ. ನಮ್ಮ ಊರಿನ ದಸರಾ ಗೊಂಬೆ ಕೂರಿಸುವವರು ನೋಡಿದ್ದರೆ ಹೊಟ್ಟೆಕಿಚ್ಚು ಪಡಬೇಕು, ಹಾಗಿತ್ತು.

ಅತ್ತೆ ಮೇಜಿನ ಅಂಚಿಗೆ ನಿಂತು ಮರಗಳನ್ನು ಬೆರಳ ತುದಿಯಿಂದ ಸವರಿದರು. “ಇಳಿಯಾ ಜಾಗ ಯಾವ್ದು?” ಎಂದರು. ಇವರು ತಾಯಿಯ ಕೈ ಹಿಡಿದು ರನ್‌ವೇ ಮುಟ್ಟಿಸಿದರು. ಅಷ್ಟರಲ್ಲಿ ಯಾರೋ “ಕ್ಯಾಪ್ಟನ್ ಸಾಹೇಬರು ಕರೀತಿದಾರೆ, ಬೇಗ ಬನ್ರೀ” ಎಂದು ಕೂಗಿದರು. ಎಲ್ಲರೂ ಹೊರಟೆವು. ಎಲ್ಲರಿಗಿಂತ ಹಿಂದೆ ಅತ್ತೆ.

ಕ್ಯಾಪ್ಟನ್ ಸಾಹೇಬರೆಂದರೆ ಪೈಲಟ್‌ಗಳಿಗೆ ಪಾಠ ಹೇಳುವವರು. ಮಂಗಳೂರು ಕಡೆಯವರು, ತಲೆ ಪೂರ್ತಿ ಬೆಳ್ಳಗೆ, ನಗು ಕಡಿಮೆ. ಪೂಜೆಯ ದಿನ ನೌಕರರ ಮನೆಯವರನ್ನು ಕೂರಿಸಿ ಒಂದು ಸುತ್ತು ಹಾರಿಸುವುದು ಅವರೇ ಇಟ್ಟುಕೊಂಡ ಪದ್ಧತಿ. ಮೊದಲ ಸರದಿ ನನ್ನದಾಯಿತು. ಕೂತೆ, ಹಿಡಿದೆ, ಏರಿಸಿದೆ. ಏರಿಸಿದ್ದು ಅವರೇ, ನನ್ನ ಕೈ ಅಲ್ಲಿತ್ತು ಅಷ್ಟೆ. ಎಂಜಿನ್ನಿನ ಹಿಡಿಕೆ ತಳ್ಳಿದರೆ ಏನೂ ಆಗಲಿಲ್ಲ. ನಾನು ಇನ್ನಷ್ಟು ತಳ್ಳಿದೆ.

“ತಡಿಯಮ್ಮ. ಇದು ಮೊದಮೊದಲಿನ ಜೆಟ್. ಈಗ ಕೇಳಿದ್ರೆ ಆಮೇಲೆ ಕೊಡ್ತದೆ. ಬೇಕಾಗುವ ಮುಂಚೆಯೇ ಕೇಳ್ಬೇಕು.”

ನಮ್ಮ ಇದ್ದಿಲ ಒಲೆಯೂ ಹಾಗೇ ಅಲ್ಲವೇ ಎಂದುಕೊಂಡೆ. ನೆಂಟರು ಬಂದ ಮೇಲೆ ಬೀಸಿದರೆ ಕಾಫಿ ಆಗುವಷ್ಟರಲ್ಲಿ ನೆಂಟರು ಎದ್ದಿರುತ್ತಾರೆ. ನಾನು ಮೋಡಗಳ ನಡುವೆ ಒಂದು ಸುತ್ತು ಹಾಕಿ ಎದ್ದೆ. ಇಳಿಸುವ ಭಾಗ್ಯ ಅತ್ತೆಗಿರಲಿ ಎಂದರು ಸಾಹೇಬರು.

ಅತ್ತೆ ಎಡಗಡೆಯ ಸೀಟಿನಲ್ಲಿ ಕೂತು, ಸೆರಗು ಸರಿಮಾಡಿಕೊಂಡು, ಹಿಡಿಕೆಗೆ ನಮಸ್ಕಾರ ಮಾಡಿದರು. ಸಾಹೇಬರು ಬಲಗಡೆ. ನಾನೂ ಇವರೂ ಹಿಂದೆ ನಿಂತಿದ್ದೆವು. ವಿಮಾನ ಇಳಿಯುತ್ತ ಬಂತು. ಬೆಟ್ಟ ಸರಿಯಿತು, ಕೆರೆ ಸರಿಯಿತು, ರನ್‌ವೇ ಬಂತು. ರನ್‌ವೇ ಮೇಲೆ, ಹೇಗೆ ಹೇಳಲಿ, ಹಳದಿ ಬೆಟ್ಟವೊಂದು ಕೂತಿತ್ತು. ಉರುಟಾದ, ಮಿರುಗುವ, ಗುಡಿಗಿಂತ ದೊಡ್ಡ ಬೆಟ್ಟ. ಹತ್ತಿರವಾದಂತೆ ಸಿಪ್ಪೆಯ ಒಂದೊಂದು ಗುಳಿಯೂ ಕಾಣತೊಡಗಿತು. ಅತ್ತೆಯ ನಿಂಬೆಹಣ್ಣು! ಚಕ್ರ ಸಿಕ್ಕದಿದ್ದರೆ ಏನಂತೆ, ಚಕ್ರ ಬಂದು ಮುಟ್ಟುವ ಜಾಗದಲ್ಲೇ ಇಟ್ಟುಬಂದಿದ್ದರು.

ನಾನು ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡೆ. ಇವರಿಗೆ ನಗು ಬರಲಿಲ್ಲ. ಆ ಕ್ಯಾಮೆರಾದ ಲೆನ್ಸು ಹೋಗಿ ಹಣ್ಣಿಗೆ ಗುದ್ದಿದರೆ ಇವರ ಗತಿ! “ಸಾರ್, ಲೆನ್ಸು—” ಎಂದರು. ಸಾಹೇಬರು ಕೈಯೆತ್ತಿ ಸುಮ್ಮನಾಗಿಸಿದರು. ಅವರು ಗಾಜನ್ನು ನೋಡುತ್ತಿರಲಿಲ್ಲ, ಅತ್ತೆಯ ಮುಖ ನೋಡುತ್ತಿದ್ದರು.

“ಅಮ್ಮ, ಎದುರಿಗೆ ಎಂತ ಕಾಣ್ತದೆ?”

“ಎಲ್ಲಾ ಸಂದಾಕೈತೆ ಸಾಮಿ. ವೊಲ ಐತೆ, ಕೆರೆ ಐತೆ.”

“ದಾರಿಯಲ್ಲಿ?”

“ದಾರಿ ಉದ್ದಕ್ಕೂ ಕಾಲಿ ಬಿದ್ದೈತೆ. ನಿಮ್ ದಾರೀಗೆ ಅಡ್ಡ ಬರೋರು ಯಾರು ಸಾಮಿ?”

ಸಾಹೇಬರು ಒಂದು ಗುಂಡಿ ಒತ್ತಿದರು. ವಿಮಾನ ಗಾಳಿಯಲ್ಲೇ ನಿಂತುಬಿಟ್ಟಿತು. ಸುಳ್ಳು ವಿಮಾನದ ದೊಡ್ಡ ಗುಣ ಅದು. ನಡುದಾರಿಯಲ್ಲಿ ನಿಲ್ಲಿಸಿ ಎರಡು ಮಾತಾಡಬಹುದು. ನನ್ನ ನಗು ಎಲ್ಲಿ ಹೋಯಿತೋ. ಗಾಜಿನ ತುಂಬ ನಿಂಬೆಹಣ್ಣು, ಅದರ ಹಳದಿ ಬೆಳಕು ಅತ್ತೆಯ ಕೆನ್ನೆಯ ಮೇಲೆ. ಅವರು ಅದರ ಮುಂದೆ ಕೂತು, ಯಾರಾದರೂ ಹೊಗಳಲಿ ಎಂಬಂತೆ ನಗುತ್ತಿದ್ದರು. ರಂಗೋಲಿ ಡಬ್ಬಿ, ಮೊರ, ಸೂಜಿ, ನನ್ನ ತೋಳು, ಎಲ್ಲವೂ ಒಟ್ಟಿಗೆ ಅರ್ಥವಾದವು. ಇವರು ತಾಯಿಯ ಸೀಟಿನ ಬೆನ್ನು ಹಿಡಿದು ನಿಂತಿದ್ದರು.

“ಅಮ್ಮ,” ಎಂದರು ಸಾಹೇಬರು, “ನಮ್ಮ ಕೆಲಸದಲ್ಲಿ ಒಂದು ಸುಳ್ಳು ಮಾತ್ರ ಹೇಳ್ಲಿಕ್ಕಿಲ್ಲ. ಕಾಣದ ರನ್‌ವೇಯನ್ನು ಕಾಣ್ತದೆ ಅನ್ನಬಾರದು. ಕಾಣುದಿಲ್ಲ ಅಂದ್ರೆ ಮರ್ಯಾದೆ ಹೋಗುದಿಲ್ಲ, ಪುನಃ ಮೇಲಕ್ಕೆ ಹೋಗುದು, ಅಷ್ಟೆ. ಕಾಣ್ತದೆ ಅಂದವನೇ ನೆಲಕ್ಕೆ ಹೊಡೆಯುದು.”

ಅತ್ತೆ ಹಿಡಿಕೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು.

“ಕಾಣಾಕಿಲ್ಲ ಸಾಮಿ,” ಎಂದರು ಆಮೇಲೆ. “ಬೆಳಕು ಗೊತ್ತಾಯ್ತದೆ, ಕತ್ಲು ಗೊತ್ತಾಯ್ತದೆ. ನಮ್ಮಕ್ಕಂಗೆ ಇಂಗೇ ಆಗಿ ಕಣ್ ಕುಯ್ಸುದ್ರು. ಪಟ್ಟಿ ಬಿಚ್ದಾಗ ಇದ್ದಿದ್ದೂ ವೋಗಿತ್ತು. ಏಳಿದ್ರೆ ನನ್ನೂ ಎತ್ಕೊಂಡೋಯ್ತಾರೆ ಅಂತ…”

“ಅವ್ವಾ, ನಂಗಾದ್ರೂ ಹೇಳಬಾರ್ದಿತ್ತಾ?” ಎಂದು ಇವರು ಅಳತೊಡಗಿದರು.

“ನೀನು ಅಳ್ತೀಯಾ ಅಂತ್ಲೇ ಏಳ್ನಿಲ್ಲ ಕಣ್ಲಾ. ನೋಡು, ಅತ್ತೇ ಬುಟ್ಟೆ.”

ಸಾಹೇಬರು ಅತ್ತೆಯ ಕೈ ಹಿಡಿದು ಎಂಜಿನ್ನಿನ ಹಿಡಿಕೆಯ ಮೇಲಿಟ್ಟು, ಮೇಲೆ ತಮ್ಮ ಕೈಯಿಟ್ಟರು. “ಸರಿ. ಪುನಃ ಮೇಲಕ್ಕೆ ಹೋಗುವ. ಈಗಲೇ ತಳ್ಳಬೇಕು, ಇದು ನಿಧಾನದ ಎಂಜಿನ್ನು. ಇನ್ನೂ ಹೊತ್ತಿದೆ ಅಂತ ಕೂತರೆ ಏಳುದಿಲ್ಲ.” ಗುಂಡಿ ಬಿಟ್ಟರು, ಇಬ್ಬರೂ ಸೇರಿ ತಳ್ಳಿದರು. ಏನೂ ಆಗಲಿಲ್ಲ. ನಿಂಬೆಹಣ್ಣು ಬೆಳೆಯುತ್ತಲೇ ಇತ್ತು. ನಾನು ಕಣ್ಣು ಮುಚ್ಚಿದೆ. ಆಮೇಲೆ ಆ ಸೀಟಿ ಸಣ್ಣಗೆ ಶುರುವಾಗಿ ಏರಿತು, ಕಾಲಡಿಯ ನೆಲ ಒತ್ತಿ ಬಂದಂತಾಯಿತು. ಕಣ್ಣು ಬಿಟ್ಟಾಗ ಹಳದಿ ಬೆಟ್ಟ ಕೆಳಗೆ ಸರಿದು, ಗಾಜಿನ ತುಂಬ ಬರೀ ಆಕಾಶ.

ಪೈಲಟ್‌ಗಳಿಗೆ ಆಗಾಗ ಕಣ್ಣಿನ ಪರೀಕ್ಷೆ ಇರುತ್ತದಲ್ಲ, ಸಾಹೇಬರಿಗೆ ಒಳ್ಳೆಯ ಡಾಕ್ಟರರ ಪರಿಚಯವಿತ್ತು. ದಸರಾ ಮುಗಿದದ್ದೇ ತಾವೇ ಕಾರಿನಲ್ಲಿ ಕೂರಿಸಿಕೊಂಡು ಹೋದರು. ಇನ್ನೂ ಬಿಟ್ಟಿದ್ದರೆ ಪೊರೆ ಬಲಿತು ಕಣ್ಣೇ ಹೋಗುತ್ತಿತ್ತು ಎಂದರಂತೆ ಡಾಕ್ಟರು. ಆಗ ಆಪರೇಷನ್ ಎಂದರೆ ಈಗಿನ ಹಾಗಲ್ಲ. ತಲೆ ಅಲುಗಿಸದೆ ಮಲಗಬೇಕಿತ್ತು. ಅತ್ತೆಗೆ ಹೆದರಿಕೆಯಾದಾಗಲೆಲ್ಲ ಇವರು ಕೈಹಿಡಿದು, “ಮೇಲಕ್ಕೆ ಹೋಗ್ತಿದೀವಿ ಕಣವ್ವ, ಎಂಜಿನ್ನು ನಿಧಾನ” ಎನ್ನುತ್ತಿದ್ದರು.

ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕ ಹಾಕಿಕೊಂಡು ಮನೆಗೆ ಬಂದವರು ಮೊದಲು ನನ್ನನ್ನೇ ನಿಲ್ಲಿಸಿ ಬಹಳ ಹೊತ್ತು ನೋಡಿದರು. ನಾನು ಆ ಮನೆಗೆ ಬಂದಾಗಿನಿಂದ ಅವರು ನನ್ನ ಮುಖವನ್ನೇ ಸರಿಯಾಗಿ ಕಂಡಿರಲಿಲ್ಲ. “ಮೂಗು ಇಷ್ಟು ಚೆಂದಾಕೈತಾ! ಯಾರೂ ಏಳ್ಲೇ ಇಲ್ವಲ್ಲ” ಎಂದು ಕೆನ್ನೆ ಸವರಿದರು. ಮರುದಿನ ಬಾಗಿಲಿಗೆ ಹೋಗಿ ನನ್ನ ರಂಗೋಲಿ ನೋಡಿ, “ಇದೇನವ್ವ, ಕೋಳಿ ಕೆದರ್ದಂಗೈತೆ” ಎಂದು ಡಬ್ಬಿ ವಾಪಸು ಕಿತ್ತುಕೊಂಡರು. ಕೆಲಸದಿಂದ ತೆಗೆದುಹಾಕಿದ್ದಕ್ಕೆ ಅಷ್ಟು ಸಂತೋಷಪಟ್ಟವಳು ಆ ಕಾಲೋನಿಯಲ್ಲಿ ನಾನೊಬ್ಬಳೇ ಇರಬೇಕು.

ಅಂದಿನಿಂದ ಅವರೆಕಾಯಿ ಕಾಲ ಬಂದರೆ, ಹಿಸುಕಿದ ಕಾಳಿನ ಮೊದಲ ಡಬ್ಬಿ ಸಾಹೇಬರ ಮನೆಗೆ. ಅವರಿಗೆ ಅದರ ಸಾರು ಮಾಡಲು ಬರುತ್ತಿರಲಿಲ್ಲವೆಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ತೆಂಗಿನಕಾಯಿ ಹಾಕಿ ಪಲ್ಯ ಮಾಡಿಸಿ ತಿನ್ನುತ್ತಿದ್ದರಂತೆ. ಅವರೂ ಈಗಿಲ್ಲ, ಅತ್ತೆಯೂ ಇಲ್ಲ. ಶೆಡ್ಡಿನ ಆ ವಿಮಾನವನ್ನು ಗುಜರಿಗೆ ಒಯ್ದ ದಿನ ಇವರು ಊಟ ಮಾಡಲಿಲ್ಲ. ಉಳಿದದ್ದು ಒಂದು ಮಾತು. ನಮ್ಮ ಮನೆಯಲ್ಲಿ ಯಾರಾದರೂ ಏನನ್ನೋ ಮುಚ್ಚಿಟ್ಟು ‘ನನಗೇನಾಗಿದೆ, ಚೆನ್ನಾಗಿದೀನಿ’ ಎಂದರೆ ಅತ್ತೆ ಕೇಳುತ್ತಿದ್ದರು: “ನಿಂಬೆಅಣ್ಣು ಕಾಣ್ತೈತಾ?” ಆಗ ನಿಜ ಹೇಳಲೇಬೇಕು.

ನಿನ್ನೆ ಚಿತ್ರಾನ್ನದ ತಟ್ಟೆ ಹಿಡಿದು ಕೋಣೆಗೆ ಹೋದೆ. ಇವರು ಒಂದು ತುತ್ತು ತಿಂದು, ಬಾಯಿಂದ ಬೀಜ ತೆಗೆದು ತಟ್ಟೆಯಂಚಿಗಿಟ್ಟರು. ಇನ್ನೊಂದು ತುತ್ತು, ಇನ್ನೊಂದು ಬೀಜ. ಕುರ್ಚಿಯಿಂದ ಎದ್ದು, “ಬಾ, ಇವತ್ತು ನೀನೇ ಇಳಿಸು” ಎಂದರು.

ಕೂತೆ. ಸೀಟಿ ಇಳಿಯುತ್ತ ಬಂತು. ಪರದೆಯಲ್ಲಿ ಹಸಿರು, ಬೂದಿ, ಇನ್ನೇನೋ.

“ರನ್‌ವೇ ಕಾಣ್ತಿದ್ಯಾ?”

“ಮಂಜಿದೆಯಲ್ಲ ರೀ, ಇನ್ನು ಸ್ವಲ್ಪ ಹತ್ರ ಹೋದ್ರೆ—”

“ನಾನು ಮಂಜು ಹಾಕಿಲ್ಲ ಕಣೇ.” ಅವರ ಕೈ ನನ್ನ ಭುಜದ ಮೇಲಿತ್ತು. “ನಿಂಬೆಹಣ್ಣು ಕಾಣ್ತಿದ್ಯಾ?”

ಹಬ್ಬ ಕಳೆಯಲಿ, ಮಳೆಗಾಲ ಮುಗಿಯಲಿ ಎಂದು ಡಾಕ್ಟರಿಗೆ ಕಣ್ಣು ತೋರಿಸುವುದನ್ನು ನಾನೂ ಮುಂದೂಡುತ್ತಲೇ ಬಂದಿದ್ದೆ. ಅತ್ತೆಯ ಹಾಗೆ ಕೈಯಾಡಿಸಿ ಎಂಜಿನ್ನಿನ ಹಿಡಿಕೆ ಹುಡುಕಿದೆ.

“ಇಲ್ಲ,” ಎಂದೆ, ಮತ್ತು ತಳ್ಳಿದೆ.